ಆರನೇ ಹಾಸಿಗೆಯ ಮೇಷ್ಟ್ರು

ಗಿಡ್ಡಪ್ಪ ಓದಿದ್ದು ಮೂರನೇ ಕ್ಲಾಸಿನವರೆಗೆ. ಅದನ್ನಾದರೂ ಪೂರ್ತಿ ಮಾಡಿದನೋ ಇಲ್ಲವೋ ಎಂದು ಹೆಂಡತಿ ದೇವೀರಮ್ಮನಿಗೆ ಇವತ್ತಿಗೂ ಗುಮಾನಿ. ಅಂಥವನು ಹನ್ನೆರಡು ವರ್ಷದಲ್ಲಿ ಅರವತ್ತು ಚಿಲ್ಲರೆ ಡಾಕ್ಟರುಗಳನ್ನು ಪಾಸು ಮಾಡಿಸಿದ್ದಾನೆ ಎಂದರೆ ನಂಬುವುದು ಕಷ್ಟ. ನಂಬದಿದ್ದರೂ ಕೇಳಿಸಿಕೊಳ್ಳುವುದಂತೂ ತಪ್ಪುವುದಿಲ್ಲ. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಅವನ ಪಕ್ಕ ಕೂತವರಿಗೆ ಟೀ ಬರುವ ಮೊದಲೇ ಈ ಕತೆ ಬಂದಿರುತ್ತದೆ.

ಕತೆ ಸುಳ್ಳಲ್ಲ. ಹುಡುಗನಾಗಿದ್ದಾಗ ಗಿಡ್ಡಪ್ಪನಿಗೆ ಕೀಲುಗಳೆಲ್ಲ ಊದಿಕೊಳ್ಳುವ ಜ್ವರ ಬಂದು, ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಅದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಎಸ್ಟೇಟಿನಲ್ಲಿ ಕಾಫಿ ಮೂಟೆ ಹೊರುವಾಗ ಏದುಸಿರು ಬಂದು ಕುಸಿದು ಕೂತ ದಿನ. ಮೇಸ್ತ್ರಿ ಅವನನ್ನು ಜೀಪಿಗೆ ಹಾಕಿಕೊಂಡು ಚಾರ್ಮಾಡಿ ಘಾಟಿ ಇಳಿದು, ಕೆಳಗಿನ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸೇರಿಸಿದ. ಅಲ್ಲಿನ ದೊಡ್ಡ ಪ್ರೊಫೆಸರು ಅವನ ಎದೆಗೆ ಸ್ಟೆತಾಸ್ಕೋಪು ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಇಕ್ಕಟ್ಟಾದ ಕವಾಟದಲ್ಲಿ ರಕ್ತ ನುಗ್ಗುವ ಗುಡುಗುಡು ಸದ್ದು ಇಷ್ಟು ಸ್ಪಷ್ಟವಾಗಿ ಸಿಗುವುದು ಅಪರೂಪ, ಪಾಠಕ್ಕೆಂದೇ ಹೇಳಿ ಮಾಡಿಸಿದ ಎದೆ ಇದು ಎಂದರು. ತನ್ನ ಎದೆಯನ್ನು ಯಾರಾದರೂ ಹೀಗೆ ಹೊಗಳಬಹುದೆಂದು ಗಿಡ್ಡಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

ಮಾರನೇ ವರ್ಷ ಕಾಲೇಜಿನ ಅಟೆಂಡರ್ ಹಾಲೇಶನ ಫೋನು ಬಂತು. ಡಾಕ್ಟರಾಗುವ ಕೊನೆಯ ಪರೀಕ್ಷೆಗೆ ನಿಜವಾದ ರೋಗಿಗಳೇ ಬೇಕು. ಅವರನ್ನು ಹಾಸಿಗೆಯ ಮೇಲೆ ಮಲಗಿಸಿರುತ್ತಾರೆ. ಹುಡುಗರು ಒಬ್ಬೊಬ್ಬರಾಗಿ ಬಂದು ಮಾತಾಡಿಸಿ, ಮುಟ್ಟಿ, ಕೇಳಿ, ರೋಗ ಯಾವುದೆಂದು ಪರೀಕ್ಷಕರಿಗೆ ಹೇಳಬೇಕು. ಗಿಡ್ಡಪ್ಪನಿಗೆ ಆರನೇ ನಂಬರಿನ ಹಾಸಿಗೆ ಸಿಕ್ಕಿತು. ಆ ವರ್ಷದಿಂದ ಅದು ಅವನದೇ ಆಗಿಹೋಯಿತು.

ಮೊದಲ ವರ್ಷವೇ ಒಬ್ಬ ಹುಡುಗಿ ಬಂದಳು. ಕಣ್ಣು ತುಂಬಿತ್ತು. ಯಾರ ಮನೆ ಮಗಳೋ, ಹೀಗೆ ಅಳುವುದನ್ನು ನೋಡಿಕೊಂಡು ಸುಮ್ಮನೆ ಮಲಗಿರಲು ಗಿಡ್ಡಪ್ಪನ ಕೈಲಾಗಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ಪ್ರೊಫೆಸರು ಅವನ ಎದೆ ತೋರಿಸಿ ಹುಡುಗರಿಗೆ ಸಾವಿರ ಸಲ ಹೇಳಿದ್ದು ಅವನಿಗೆ ಬಾಯಿಪಾಠವಾಗಿತ್ತು. ಈ ಸದ್ದು ಕೇಳಬೇಕಾದರೆ ರೋಗಿಯನ್ನು ಎಡಕ್ಕೆ ತಿರುಗಿಸಿ, ಮೈಮೇಲೆ ಬಾಗಿ, ಎಡ ಮೊಲೆಯ ಕೆಳಗೆ ಸ್ಟೆತಾಸ್ಕೋಪಿನ ಸಣ್ಣ ಬಟ್ಟಲನ್ನು ಇಡಬೇಕು. ಎಡಕ್ಕೆ ತಿರುಗಿದರೆ ಗಿಡ್ಡಪ್ಪನ ಮುಖ ಗೋಡೆಯ ಕಡೆಗೆ. ಹಿಂದೆ ನಿಂತ ಪರೀಕ್ಷಕರಿಗೆ ಕಾಣುವುದು ಅವನ ಬೆನ್ನು ಮಾತ್ರ. ಬಾಗಿದ ಹುಡುಗಿಯ ಕಿವಿ ಅವನ ಬಾಯಿಗೆ ಒಂದು ಗೇಣು. ಅವಳು ಒಂದು ಕಿವಿಯ ಕೊಳವೆಯನ್ನು ಮೆಲ್ಲಗೆ ಜಾರಿಸಿದಳು. ಅವನು ದಿಂಬಿಗೆ ಹೇಳುವವನ ಹಾಗೆ ಹೇಳಿದ: "ಮೈಟ್ರಲ್ ಸ್ಟೆನೋಸಿಸ್. ಸೈನಸ್ ರಿದಮ್. ಫೇಲ್ಯೂರ್ ಇಲ್ಲ." ಕವಾಟ ಇಕ್ಕಟ್ಟು, ಬಡಿತದ ತಾಳ ಸರಿ, ಹೃದಯ ಇನ್ನೂ ಸೋತಿಲ್ಲ ಎಂದು ಅದರ ಅರ್ಥ.

ಹುಡುಗಿ ಪಾಸಾದಳು. ಸುದ್ದಿ ಹಾಸ್ಟೆಲಿಗೆ ಹೋಯಿತು. ಅಲ್ಲಿಂದ ಮುಂದೆ ಪ್ರತಿವರ್ಷ ಹುಡುಗರು ಆರನೇ ಹಾಸಿಗೆ ಸಿಗಲಪ್ಪಾ ಎಂದು ಹರಕೆ ಹೊತ್ತುಕೊಳ್ಳುತ್ತಿದ್ದರು. ಗಿಡ್ಡಪ್ಪನೂ ಅದನ್ನು ತನ್ನ ಜವಾಬ್ದಾರಿಯೆಂದೇ ತಿಳಿದ. ಮೂಟೆ ಹೊರುವುದು ತಪ್ಪಿ ಈಗ ಎಸ್ಟೇಟಿನ ಕಣದಲ್ಲಿ ಒಣಗಲು ಹಾಕಿದ ಕಾಫಿ ಕಾಯುವ ಕೆಲಸ ಅವನದು. ಅಲ್ಲಿ ಅವನನ್ನು ಲೆಕ್ಕ ಬರೆಯುವ ರೈಟರೂ ಗದರುತ್ತಾನೆ, ಮೇಸ್ತ್ರಿಯೂ ಗದರುತ್ತಾನೆ, ಕೆಲವು ಸಲ ಮಂಗಗಳೂ ಗದರುತ್ತವೆ. ವರ್ಷಕ್ಕೆ ಒಂದು ದಿನ ಮಾತ್ರ ಬಿಳಿ ಕೋಟಿನವರು ಅವನ ಮಾತಿಗೆ ಕಿವಿ ಕೊಟ್ಟು ಬಾಗುತ್ತಾರೆ. ಆ ಒಂದು ದಿನಕ್ಕಾಗಿ ಅವನು ಉಳಿದ ದಿನಗಳನ್ನು ಖುಷಿಯಿಂದಲೇ ಕಳೆಯುತ್ತಿದ್ದ.

ಮೂರು ವರ್ಷದ ಹಿಂದೆ ಪ್ರೊಫೆಸರು, ಕಾಲಿನ ನರದ ಮೂಲಕ ಒಂದು ಬಲೂನು ಕಳಿಸಿ ಕವಾಟ ಅಗಲ ಮಾಡಬಹುದು, ಎದೆ ಕೊಯ್ಯುವುದಿಲ್ಲ, ಮಾಡಿಸಿಕೋ ಎಂದಿದ್ದರು. ಗಿಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಆಮೇಲೆ ಸದ್ದು?" ಸದ್ದು ಬಹಳ ಕಮ್ಮಿಯಾಗುತ್ತದೆ ಎಂದರು. ಅವನು ಕೈಮುಗಿದು ಮುಂದಿನ ಬಸ್ಸಿಗೇ ಘಾಟಿ ಹತ್ತಿದ. ದೇವೀರಮ್ಮನಿಗೆ ಮಾತ್ರ, ಎಲ್ಲ ಚೆನ್ನಾಗಿದೆಯಂತೆ ಎಂದು ಒಂದು ಸುಳ್ಳು ಹೇಳಿ ಮುಗಿಸಿದ.

ಎಂಟು ತಿಂಗಳ ಹಿಂದೆ ಕೊಟ್ಟಿಗೆಹಾರದ ಕಡೆಯ ಸರ್ಕಾರಿ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು. ಮೂಡಿಗೆರೆಯ ಕಬ್ಬಿಣದ ಅಂಗಡಿ ಚಂದ್ರಶೇಖರಪ್ಪನವರ ಮಗಳು, ಭವ್ಯಾ. ಹಳೆಯ ಜ್ವರ ಮರುಕಳಿಸದಿರಲೆಂದು ಇಪ್ಪತ್ತೊಂದು ದಿನಕ್ಕೊಂದು ಕೊಡುವ ಪೆನಿಸಿಲಿನ್ ಇಂಜೆಕ್ಷನ್ನಿಗೆ ಹೋದ ಗಿಡ್ಡಪ್ಪ ಬಾಗಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಎರಡು ವರ್ಷದ ಹಿಂದೆ ತನ್ನ ಮೇಲೆ ಬಾಗಿದ್ದ ಮುಖ. ಅವನ ಸಂಭ್ರಮ ಕೇಳಬೇಕೆ! "ಅಯ್ಯೋ, ನಮ್ಮ ಹುಡುಗಿ! ನಾನೇ ಪಾಸ್ ಮಾಡ್ಸಿದ್ದು ಮಾರಾಯ್ರೆ!" ಎಂದು ಸಾಲಿನಲ್ಲಿ ನಿಂತ ಇಪ್ಪತ್ತು ಜನಕ್ಕೂ ಕೇಳುವ ಹಾಗೆ ಹೇಳಿದ. ಡಾಕ್ಟರ ಮುಖ ಕೆಂಪಾಯಿತು. ನಾಚಿಕೆ ಎಂದುಕೊಂಡ ಅವನು.

ಭವ್ಯಾಳ ಬಗ್ಗೆ ಊರಿನವರಿಗೆ ಒಂದೇ ತಕರಾರು, ತೀರಾ ನಿಧಾನ. ನೆಗಡಿಗೆ ಹೋದವರ ಎದೆಗೂ ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿ ಎರಡು ನಿಮಿಷ ಕೂರುತ್ತಾಳೆ. ಹನ್ನೊಂದರ ಬಸ್ಸು ತಪ್ಪುತ್ತದೆ. ಯಾರಾದರೂ ಗೊಣಗಿದರೆ ಗಿಡ್ಡಪ್ಪ ಬಿಡುತ್ತಿರಲಿಲ್ಲ. "ಪಾಸಾಗಿರೋದು ನಮ್ಮ ಕೈಲಿ. ಸುಮ್ನೆ ಕೂರಿ," ಎನ್ನುತ್ತಿದ್ದ. ಅವನ ಎದೆಗೆ ಮಾತ್ರ ಅವಳು ಒಂದು ದಿನವೂ ಸ್ಟೆತಾಸ್ಕೋಪು ಇಟ್ಟಿರಲಿಲ್ಲ. ಸಿಸ್ಟರ್ ಗಿರಿಜಾಂಬಾ ಇಂಜೆಕ್ಷನ್ ಕೊಡುತ್ತಿದ್ದರು, ಭವ್ಯಾ ಚೀಟಿಗೆ ಸಹಿ ಹಾಕುತ್ತಿದ್ದಳು. ಗೊತ್ತಿರುವ ಎದೆಯನ್ನು ಮತ್ತೆ ಕೇಳುವುದೇನಿದೆ ಎಂದು ಅವನೂ ಸಮಾಧಾನ ಪಟ್ಟುಕೊಂಡಿದ್ದ.

ಈ ಸಲ ಫೆಬ್ರವರಿಯಲ್ಲಿ ಇಂಜೆಕ್ಷನ್ ಗುರುವಾರಕ್ಕೆ ಬಿತ್ತು, ಪರೀಕ್ಷೆ ಶನಿವಾರಕ್ಕೆ. ಹಾಲೇಶ ಫೋನು ಮಾಡಿಯಾಗಿತ್ತು. ಬಿಳಿ ಷರಟು ಒಗೆದು ತಂತಿಯ ಮೇಲಿತ್ತು. ಮಂಡಿನೋವೆಂದು ನೆಪ ಹೇಳಿ ದೇವೀರಮ್ಮ ಅವತ್ತು ಅವನ ಜೊತೆ ಆಸ್ಪತ್ರೆಗೆ ಬಂದಳು. ಡಾಕ್ಟರ ಎದುರು ಕೂತವಳು ತನ್ನ ಮಂಡಿಯ ಸುದ್ದಿಯನ್ನೇ ಎತ್ತಲಿಲ್ಲ.

"ನೋಡಿ ಅಮ್ಮಾ, ಇವ್ರು ಕಣದಿಂದ ಮನೆಗೆ ಬರೋವಾಗ ಮೂರು ಕಡೆ ಕೂತು ಬರ್ತಾರೆ. ಎಂತಕ್ಕೆ ಅಂದ್ರೆ ಹಕ್ಕಿ ನೋಡ್ತಿದ್ದೆ ಅಂತಾರೆ. ಮೂವತ್ತು ವರ್ಷದಲ್ಲಿ ಒಂದು ಕೋಳಿ ನೋಡಿದವ್ರಲ್ಲ."

"ನೀ ಸುಮ್ನಿರೇ ಮಾರಾಯ್ತಿ," ಎಂದ ಗಿಡ್ಡಪ್ಪ. "ಬಿಸಿಲು ಅಮ್ಮಾ, ಅಷ್ಟೇ. ಬೇಗ ಇಂಜೆಕ್ಷನ್ ಕೊಡ್ಸಿ, ನಾಡಿದ್ದು ಪರೀಕ್ಷೆ ಉಂಟು ನಂಗೆ."

ಭವ್ಯಾ ಅವನ ಮಣಿಕಟ್ಟು ಹಿಡಿದಳು. ಗೋಡೆಯ ಗಡಿಯಾರದ ಮುಳ್ಳು ಒಂದು ಸುತ್ತು ಬರುವವರೆಗೆ ಬಿಡಲಿಲ್ಲ. ಆಮೇಲೆ ಅವನನ್ನು ಎಡಕ್ಕೆ ತಿರುಗಿಸಿ ಮಲಗಿಸಿ, ಬಟ್ಟಲಿಟ್ಟು, ಕಣ್ಣು ಮುಚ್ಚಿದಳು. ಅಭ್ಯಾಸಬಲ, ಗೋಡೆ ಕಂಡ ಕೂಡಲೇ ಗಿಡ್ಡಪ್ಪನ ಬಾಯಿ ತೆರೆಯಿತು: "ಮೈಟ್ರಲ್ ಸ್ಟೆನೋಸಿಸ್. ಸೈನಸ್ ರಿದಮ್..."

"ಮಾತಾಡ್ಬೇಡಿ ಗಿಡ್ಡಪ್ಪಣ್ಣ," ಎಂದಳು ಭವ್ಯಾ. ಅವಳ ಎರಡೂ ಕಿವಿಯಲ್ಲಿ ಕೊಳವೆಗಳಿದ್ದವು.

ಇಸಿಜಿ ಮಾಡಿಸಿದಳು. ಕಾಗದದ ಪಟ್ಟಿಯನ್ನು ಎರಡು ಸಲ ನೋಡಿದಳು. "ಬಡಿತದ ತಾಳ ತಪ್ಪಿದೆ. ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ಈಗ ಒಂದೆರಡು ತಿಂಗಳಲ್ಲಿ ಶುರುವಾಗಿರ್ಬೇಕು. ಹೀಗಾದ್ರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟುತ್ತೆ. ಅದು ತಲೆಗೆ ಹೋದ್ರೆ ಒಂದು ಕಡೆ ಕೈಕಾಲು ಬೀಳುತ್ತೆ, ಮಾತು ನಿಂತುಹೋಗುತ್ತೆ. ನಾಳೇನೇ ಕೆಳಗೆ ಹೋಗಿ ಅಡ್ಮಿಟ್ ಆಗ್ಬೇಕು. ಬಲೂನ್ ಹಾಕ್ಸ್ಬೇಕು ಅಂತ ಪ್ರೊಫೆಸರು ಮೂರು ವರ್ಷದ ಹಿಂದೇನೇ ನಿಮ್ಮ ಚೀಟಿಲಿ ಬರೆದಿದ್ದಾರಲ್ವಾ?"

"ಯಾವ ಬಲೂನು?" ಎಂದಳು ದೇವೀರಮ್ಮ.

ಗಿಡ್ಡಪ್ಪ ಅದನ್ನು ಕೇಳಿಸಿಕೊಳ್ಳದವನ ಹಾಗೆ ಎದ್ದು ಕೂತ. ಅವನಿಗೆ ಸಿಟ್ಟು ಬಂದಿತ್ತು. ಹನ್ನೆರಡು ವರ್ಷದಿಂದ ದೊಡ್ಡ ದೊಡ್ಡವರು ಒಪ್ಪಿದ ಉತ್ತರವನ್ನು, ತನ್ನಿಂದಲೇ ಕೇಳಿ ಪಾಸಾದ ಹುಡುಗಿ ತಪ್ಪು ಎನ್ನುವುದೆ! "ನಿಮ್ಗೆ ಸರಿ ಕೇಳ್ಲಿಲ್ಲ ಅಮ್ಮಾ. ಸೈನಸ್ ರಿದಮ್ ನಂದು. ತಾಳ ಸರಿ ಉಂಟು. ಬೇಕಾದ್ರೆ ಪ್ರೊಫೆಸರ್ನ ಕೇಳಿ. ಶನಿವಾರ ಹುಡುಗ್ರಿಗೂ ಅದನ್ನೇ ಹೇಳೋದು ನಾನು."

ಭವ್ಯಾ ಕತ್ತಿನಿಂದ ಸ್ಟೆತಾಸ್ಕೋಪು ತೆಗೆದು ಅದರ ಎರಡೂ ಕೊಳವೆಗಳನ್ನು ಗಿಡ್ಡಪ್ಪನ ಕಿವಿಗೆ ಸಿಕ್ಕಿಸಿದಳು. ಬಟ್ಟಲನ್ನು ಅವನ ಎದೆಗೆ ಒತ್ತಿ ಹಿಡಿದಳು.

ನಿಜ ಹೇಳಬೇಕೆಂದರೆ, ಅರವತ್ತು ಡಾಕ್ಟರುಗಳನ್ನು ಮಾಡಿದ ಗಿಡ್ಡಪ್ಪ ತನ್ನ ಎದೆಯ ಸದ್ದನ್ನು ಈವರೆಗೆ ಕೇಳಿರಲಿಲ್ಲ. ಯಾರೂ ಕೇಳಿಸಿರಲಿಲ್ಲ, ಅವನಿಗೂ ಕೇಳಬೇಕೆಂದು ತೋಚಿರಲಿಲ್ಲ. ಮೊದಲು ಬರೀ ಗೊರಗೊರ. ಆಮೇಲೆ ಒಂದು ಬಡಿತ. ಅದರ ಹಿಂದೆಯೇ ಇನ್ನೆರಡು. ಆಮೇಲೆ ಏನೂ ಇಲ್ಲ. ನಿಂತೇ ಹೋಯಿತೋ ಎಂದು ಅವನು ಹೆದರುವಷ್ಟರಲ್ಲಿ ಮತ್ತೆ ಮೂರು ಒಂದರ ಮೇಲೊಂದು ಬಿದ್ದುಕೊಂಡು ಬಂದವು. ಕಣದ ಪಕ್ಕದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಷೀನಿನ ಬೆಲ್ಟು ಜಾರತೊಡಗಿದರೆ ರೈಟರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು, ಸದ್ದಿನಲ್ಲೇ. ಇದು ಅದೇ ಸದ್ದು. ಕೆಟ್ಟ ಮಷೀನನ್ನು ಸರಿ ಇದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ಎಷ್ಟು ದಿನದಿಂದ ತಪ್ಪು ಹೇಳ್ತಿದ್ದೀನಿ ನಾನು?" ಎಂದ ಮೆಲ್ಲಗೆ.

"ಹೋದ ವರ್ಷದವರೆಗೆ ನೀವು ಹೇಳಿದ್ದು ಸರೀನೇ ಇತ್ತು. ಆದ್ರೆ..." ಭವ್ಯಾ ಸ್ಟೆತಾಸ್ಕೋಪನ್ನು ಕೈಯಲ್ಲಿ ಸುತ್ತಿಕೊಂಡಳು. "ಗಿಡ್ಡಪ್ಪಣ್ಣ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ನಿಮ್ಮ ಮಾತು ಕೇಳ್ಬೇಕು ಅಂತ ಕಿವಿಯಿಂದ ಕೊಳವೆ ತೆಗೆದೆ. ನಿಮ್ಮ ಎದೆ ನಾನು ಕೇಳಲೇ ಇಲ್ಲ. ಕೇಳದೇ ಪಾಸಾದೆ. ಇಂಟರ್ನ್‌ಶಿಪ್ಪಿನಲ್ಲಿ ಒಬ್ಬಳು ಬಸುರಿ ಬಂದ್ಲು, ಇದೇ ಕಾಯಿಲೆ. ಎದೆಗೆ ಇಟ್ಟು ನೋಡ್ದೆ. ನಂಗೇನೂ ಕೇಳ್ಲಿಲ್ಲ. ನಾರ್ಮಲ್ ಅಂತ ಬರೆದೆ. ಹೆರಿಗೆ ಹೊತ್ತಲ್ಲಿ ಅವಳಿಗೆ ಉಸಿರೇ ಸಿಗ್ಲಿಲ್ಲ. ದೊಡ್ಡ ಡಾಕ್ಟ್ರು ಇದ್ರು, ತಾಯಿ ಮಗು ಉಳಿದ್ವು. ನಂದೇನೂ ಇರ್ಲಿಲ್ಲ ಅದ್ರಲ್ಲಿ. ಅದಕ್ಕೇ ಇಲ್ಲಿ ಎಲ್ರ ಎದೆಯನ್ನೂ ಅಷ್ಟು ಹೊತ್ತು ಕೇಳೋದು ನಾನು. ಆವಾಗ ಕಲೀದೇ ಇದ್ದದ್ದನ್ನ ಈಗ ಕಲೀತಿದ್ದೀನಿ. ನಿಮ್ಮ ಎದೆ ಒಂದನ್ನ ಕೇಳೋಕೆ ಮಾತ್ರ ಹೆದರಿಕೆ ಆಗ್ತಿತ್ತು. ಇವತ್ತೂ ಕೇಳ್ದೇ ಹೋದ್ರೆ ಏನು ಮಾಡ್ಲಿ ಅಂತ. ಅದು ನನ್ನ ತಪ್ಪು. ಎಂಟು ತಿಂಗಳು ನಿಮ್ಮನ್ನ ಹಾಗೇ ಕಳ್ಸಿದೆ."

ಗಿಡ್ಡಪ್ಪನಿಗೆ ನೋವಾಯಿತು. ರೋಗದ ಸುದ್ದಿಗಿಂತ ಈ ಮಾತು ಹೆಚ್ಚು ತಾಗಿತು. ಬೆನ್ನು ತಟ್ಟಿ ದಡ ಮುಟ್ಟಿಸಿದೆ ಎಂದುಕೊಂಡಿದ್ದ ಅರವತ್ತು ಮಕ್ಕಳೂ ಈಗ ಯಾವ್ಯಾವುದೋ ಊರಿನಲ್ಲಿ ಯಾರ್ಯಾರದೋ ಎದೆಗೆ ಬಟ್ಟಲಿಟ್ಟು, ಏನೂ ಕೇಳಿಸದೆ, ಹೇಳಿಕೊಡುವವರಿಗಾಗಿ ಕಾಯುತ್ತಿರಬಹುದು ಎನ್ನಿಸಿತು. ಅವನು ಷರಟಿನ ಗುಂಡಿ ಹಾಕಿಕೊಂಡು, ಡಾಕ್ಟರ ಮುಖ ನೋಡದೆ, "ಪ್ರೊಫೆಸರಿಗೆ ಫೋನ್ ಮಾಡಿ ಅಮ್ಮಾ. ನಾಳೆ ಹೋಗ್ತೀನಿ," ಎಂದ.

ಶುಕ್ರವಾರ ಬೆಳಿಗ್ಗೆ ಘಾಟಿಯ ಬಸ್ಸಿನಲ್ಲಿ ನಾಲ್ಕನೇ ತಿರುವಿಗೆ ದೇವೀರಮ್ಮ ಶುರು ಮಾಡಿದಳು.

"ಮೂರು ವರ್ಷ ಆಯ್ತಂತೆ ಬಲೂನ್ ವಿಷಯ ಹೇಳಿ. ನಂಗೆ ಯಾಕೆ ಹೇಳ್ಲಿಲ್ಲ?"

"ಸದ್ದು ಹೋಗುತ್ತೆ ಅಂದ್ರು."

"ಹೋದ್ರೆ ಎಂತದು?"

"ಸದ್ದು ಹೋದ್ರೆ ನನ್ನನ್ನ ಯಾರು ಕರೀತಾರೆ ಮಾರಾಯ್ತಿ? ಕಣ ಕಾಯೋ ಗಿಡ್ಡಪ್ಪ ಅಷ್ಟೇ ಆಮೇಲೆ ನಾನು."

ದೇವೀರಮ್ಮ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೂಟೆ ಹೊರೋ ಗಿಡ್ಡಪ್ಪನ್ನ ಮದ್ವೆ ಆಗಿದ್ದು ನಾನು. ಸದ್ದು ಕೇಳಿ ಅಲ್ಲ," ಎಂದಳು. ಆಮೇಲೆ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬಸ್ಸು ಘಾಟಿ ಇಳಿಯುವವರೆಗೂ ಬಿಡಲಿಲ್ಲ. ಕಂಡಕ್ಟರು ನೋಡಿದರೂ ಅವಳಿಗೆ ಲೆಕ್ಕಕ್ಕಿರಲಿಲ್ಲ.

ಆಸ್ಪತ್ರೆಯಲ್ಲಿ ಬಡಿತ ನಿಧಾನ ಮಾಡುವ ಮಾತ್ರೆ, ರಕ್ತ ಹೆಪ್ಪುಗಟ್ಟದಿರುವ ಔಷಧಿ ಶುರುವಾದವು. ಒಳಗೆ ಹೆಪ್ಪು ಕಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಬಲೂನು ಎಂದು ನಿಶ್ಚಯವಾಯಿತು. ಸಂಜೆ ಪ್ರೊಫೆಸರು ಬಂದು ಹಾಸಿಗೆಯ ಅಂಚಿಗೆ ಕೂತರು. "ನಾಳೆ ಪರೀಕ್ಷೆಗೆ ಮಲಗ್ತೀಯಾ? ಸುಸ್ತಾಗುತ್ತೆ ಅನ್ಸಿದ್ರೆ ಬೇಡ."

"ಕೊನೇ ಸಲ ಸ್ವಾಮಿ," ಎಂದ ಗಿಡ್ಡಪ್ಪ. "ಮಲಗ್ತೀನಿ."

ಶನಿವಾರ ಆರನೇ ಹಾಸಿಗೆಗೆ ಮೊದಲು ಬಂದವನು ದರ್ಶನ್ ಎಂಬ ಹುಡುಗ. ಸಂಸೆಯವನಂತೆ. ಅಪ್ಪ ಜೀಪು ಓಡಿಸುತ್ತಾರಂತೆ. ಹೋದ ಸಲ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದನಂತೆ. ಇದನ್ನೆಲ್ಲ ಗಿಡ್ಡಪ್ಪ ಕೇಳಿ ತಿಳಿದದ್ದಲ್ಲ, ಹುಡುಗನೇ ಉಸಿರು ಬಿಡದೆ ಒಪ್ಪಿಸಿದ. ಕೋಟಿನ ತೋಳು ಬೆವರಿಗೆ ಒದ್ದೆಯಾಗಿತ್ತು. ಯಾವಾಗ ಜ್ವರ ಬಂದಿತ್ತು, ಹತ್ತುವಾಗ ದಮ್ಮು ಬರುತ್ತದಾ, ಎಲ್ಲ ಸರಿಯಾಗಿಯೇ ಕೇಳಿದ. ನಾಡಿ ಹಿಡಿದ. ಹಣೆ ಗಂಟಿಕ್ಕಿದ. ಪಾಪ, ತಾನು ಎಣಿಸಿದ್ದರ ಮೇಲೆ ಅವನಿಗೇ ನಂಬಿಕೆಯಿಲ್ಲ.

"ಎಡಕ್ಕೆ ತಿರುಗಿ ಗಿಡ್ಡಪ್ಪಣ್ಣ," ಎಂದ.

ಗಿಡ್ಡಪ್ಪ ಎಡಕ್ಕೆ ತಿರುಗಿದ. ಅದೇ ಗೋಡೆ, ಅದೇ ಸುಣ್ಣ ಉದುರಿದ ಗುರುತು. ಹಿಂದೆ ಇಬ್ಬರು ಪರೀಕ್ಷಕರ ಬೂಟಿನ ಸದ್ದು ಹತ್ತಿರ ಬಂತು. ಹುಡುಗ ಬಾಗಿದ. ತಣ್ಣನೆಯ ಬಟ್ಟಲು ಎದೆಗೆ ಬಿತ್ತು. ಒಂದು ಕಿವಿಯ ಕೊಳವೆ ಮೆಲ್ಲಗೆ ಜಾರಿತು.

"ಹೇಳಿ ಗಿಡ್ಡಪ್ಪಣ್ಣ," ಎಂದ ದರ್ಶನ್. ಉಸಿರಿನಷ್ಟೇ ಸಣ್ಣ ದನಿ. "ಈ ಸಲವೂ ಹೋದ್ರೆ ಅಪ್ಪನ ಮುಖ ನೋಡೋಕಾಗಲ್ಲ ನಂಗೆ."

ಹೊಸ ಉತ್ತರ ಗಿಡ್ಡಪ್ಪನಿಗೆ ಗೊತ್ತಿತ್ತು. ಭವ್ಯಾ ಹೇಳಿದ ದಿನವೇ ಕಲಿತುಕೊಂಡಿದ್ದ. ಏಟ್ರಿಯಲ್ ಫಿಬ್ರಿಲೇಷನ್. ಎರಡೇ ಎರಡು ಶಬ್ದ, ನಾಲಿಗೆಯ ತುದಿಗೆ ಬಂದು ಕೂತಿದ್ದವು. ಹೇಳಿಬಿಟ್ಟರೆ ಸಂಸೆಯಲ್ಲಿ ಒಬ್ಬ ಜೀಪಿನವನು ಇವತ್ತು ಊರಿಗೆಲ್ಲ ಸ್ವೀಟು ಹಂಚುತ್ತಾನೆ. ಹನ್ನೆರಡು ವರ್ಷದಲ್ಲಿ ಕೇಳಿದ ಒಂದು ಮಗುವಿಗೂ ಇಲ್ಲ ಎಂದವನಲ್ಲ ಅವನು. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ.

ಆಮೇಲೆ ಬಲಗೈ ಎತ್ತಿದ. ಕಿವಿಯ ಹತ್ತಿರ ತೂಗುತ್ತಿದ್ದ ಕೊಳವೆಯನ್ನು ತಡಕಿ ಹಿಡಿದು, ಅದನ್ನು ಹುಡುಗನ ಕಿವಿಗೆ ತಾನೇ ಒತ್ತಿ ಸಿಕ್ಕಿಸಿದ. ಸಿಕ್ಕಿಸಿದ ಮೇಲೂ ಬೆರಳು ತೆಗೆಯಲಿಲ್ಲ. ಇದ್ದ ಉಸಿರನ್ನೆಲ್ಲ ಪೂರ್ತಿ ಹೊರಗೆ ಬಿಟ್ಟು, ಹಾಗೇ ತಡೆದು ಹಿಡಿದ. ಹಾಗೆ ಹಿಡಿದರೆ ಸದ್ದು ಚೆನ್ನಾಗಿ ಕೇಳುತ್ತದೆಂದು ಪ್ರೊಫೆಸರು ಎಷ್ಟೋ ಸಲ ಹೇಳಿದ್ದರು. ಇಷ್ಟು ದಿನ ಅದಕ್ಕೆ ಬಿಡುವೇ ಸಿಕ್ಕಿರಲಿಲ್ಲ, ಆ ಉಸಿರಿನಲ್ಲೇ ಅವನು ಉತ್ತರ ಹೇಳಬೇಕಿತ್ತಲ್ಲ.

ಎದೆ ಉರಿಯತೊಡಗಿತು. ಕಣ್ಣಂಚಿನಲ್ಲಿ ಹುಡುಗನ ಮುಖ ಕಾಣುತ್ತಿತ್ತು. ಮೊದಲು ಅದರಲ್ಲಿ ಬರೀ ಗಾಬರಿ, ಸ್ವಲ್ಪ ಸಿಟ್ಟು. ಆಮೇಲೆ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಂಡವು. ಬಟ್ಟಲು ಒಂದು ಬೆರಳು ಆಚೆ ಸರಿಯಿತು, ನಿಂತಿತು. ಹುಬ್ಬು ಮೇಲೆ ಹೋಯಿತು. ತುಟಿ ಸ್ವಲ್ಪ ತೆರೆಯಿತು. ಯಾವುದೋ ಬಹಳ ದೂರದಲ್ಲಿದ್ದದ್ದು ಹತ್ತಿರ ಬಂದು ಮಾತಾಡಿಸಿದಾಗ ಆಗುವ ಮುಖ ಅದು. ಅರವತ್ತು ಮಕ್ಕಳು ತನ್ನ ಮೇಲೆ ಬಾಗಿದ್ದರೂ ಗಿಡ್ಡಪ್ಪ ಇಂಥ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ನೋಡದೆ ಹೋದದ್ದಕ್ಕೆ ಅವನಿಗೆ ದುಃಖವಾಯಿತು, ಕೊನೆಗಾದರೂ ನೋಡಿದೆನಲ್ಲ ಎಂದು ಅಳು ಬರುವಷ್ಟು ಸಂತೋಷವೂ ಆಯಿತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಅವನು ಉಸಿರು ಹಿಡಿದೇ ಇದ್ದ.

ಹುಡುಗ ಕಣ್ಣು ತೆರೆದ. ಬಟ್ಟಲು ತೆಗೆಯುವ ಮೊದಲು ಅವನ ಭುಜದ ಮೇಲೆ ಕೈಯಿಟ್ಟ.

"ಉಸಿರು ಬಿಡಿ ಗಿಡ್ಡಪ್ಪಣ್ಣ," ಎಂದ. "ಕೇಳಿಸ್ತು."